ಕೈಯಲ್ಲೇ ಉಳಿದ ಹಗ್ಗ

"ಜಿರಳೆ ಓಡಾಡ್ತಿವೆ ಸಾರ್. ಒಳಗಡೆ ಗಾಳಿ ಇದೆ, ಇಳೀಬಹುದು." ಬಸವನಗುಡಿಯ ನಮ್ಮ ಮನೆ ಮುಂದಿನ ಮ್ಯಾನ್‌ಹೋಲ್ ಒಳಗೆ ಬಗ್ಗಿ ನೋಡಿದ ಆತ, ಶರಟು ಬಿಚ್ಚಿ ಗೇಟಿಗೆ ನೇತುಹಾಕಿದ. ಸೊಂಟಕ್ಕೆ ಕಟ್ಟಿಕೊಂಡ ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗಿತ್ತ. "ಎರಡು ಸಲ ಜಗ್ಗಿದ್ರೆ ಮೇಲಕ್ಕೆ ಎಳೀರಿ."

ಚರಂಡಿ ಕಟ್ಟಿಕೊಂಡಿದೆ ಎಂದು ಆತನಿಗೆ ಫೋನ್ ಮಾಡಿ ಕರೆಸಿದವನು ನಾನೇ. ಮರುದಿನ ಮಗಳ ಸೀಮಂತವಿತ್ತು. ಉದ್ದನೆಯ ಕೋಲು ತರುತ್ತಾನೆ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡರೆ ನನಗೆ ಅನುಕೂಲವಿತ್ತು. ಎಲ್ಲರ ಜೀವವೂ ಒಂದೇ ಎಂದು ಮೂವತ್ತು ವರ್ಷ ಶಾಲೆಯಲ್ಲಿ ಪೌರನೀತಿ ಪಾಠ ಮಾಡಿದ ನಾನು ಈಗ ಹಗ್ಗ ಹಿಡಿದು ನಿಂತಿದ್ದೆ. ಒಳಗಿಂದ ಆತ ಜಗ್ಗದೇ ಹೋದರೆ?

"ಇಳೀಬೇಡಿ. ಮಷೀನ್ ತರಿಸ್ತೀನಿ" ಎಂದೆ.

ಆತ ಸೊಂಟದ ಗಂಟು ಬಿಚ್ಚಿ ಶರಟು ತೊಟ್ಟ. "ನೀವು ಬೇಡ ಅಂದ್ರೆ ಏನಾಯ್ತು ಸಾರ್, ಮಧ್ಯಾಹ್ನ ಚಾಮರಾಜಪೇಟೇಲಿ ಇಳೀಲೇಬೇಕಲ್ಲ" ಎಂದು ಬೈಕ್ ಹತ್ತಿದ.

ಬೈಕ್ ತಿರುವು ದಾಟಿದ ಮೇಲೆ ನೋಡಿದರೆ ಹಗ್ಗ ನನ್ನ ಕೈಯಲ್ಲೇ ಇತ್ತು. ಮಷೀನ್ ಬಂತು, ಸೀಮಂತವೂ ಮುಗಿಯಿತು. ಆತನಿಗೆ ಫೋನ್ ಮಾಡುತ್ತಲೇ ಇದ್ದೇನೆ. ರಿಂಗಾಗುತ್ತದೆ, ಯಾರೂ ಎತ್ತುತ್ತಿಲ್ಲ.