ಗಡಿಯೂರಿನಲ್ಲಿ ಉಳಿದ ಪರಸ್ಥಾನದ ಚೀಲ

ಎಂಬತ್ತರ ದಶಕದ ಮೊದಲ ವರ್ಷಗಳು. ಲಾಸ್ ಏಂಜಲೀಸ್ ಬಳಿಯ ಆರ್ಟೀಶಿಯಾದಲ್ಲಿ ನನ್ನದೊಂದು ಪುಟ್ಟ ಟ್ರಾವೆಲ್ ಏಜೆನ್ಸಿ ಇತ್ತು. ಗಂಡ ಟೊರೆನ್ಸಿನಲ್ಲಿ ವಿಮಾನದ ಬಿಡಿಭಾಗಗಳ ಇಂಜಿನಿಯರ್. ತಾನು ವಿಮಾನ ಕಟ್ಟುವವನು, ನಾನು ಅದರಲ್ಲಿ ಜನ ತುಂಬಿಸುವವಳು ಎಂದು ರೇಗಿಸುತ್ತಿದ್ದರು. ಡಿಸೆಂಬರ್ ರಜೆಗೆ ಊರಿಗೆ ಹೊರಟ ಕನ್ನಡ ಕುಟುಂಬಗಳಿಗೆ ಥಾಯ್ಲೆಂಡಿನಲ್ಲಿ ಸ್ಟಾಪ್‌ಓವರ್, ಅಂದರೆ ದಾರಿ ಮಧ್ಯೆ ಕೆಲವು ದಿನದ ತಂಗುವಿಕೆ, ಸೇರಿಸಿಕೊಡುವುದು ನನ್ನ ವಿಶೇಷ. ಬ್ಯಾಂಕಾಕಿನಿಂದ ವ್ಯಾನಿನಲ್ಲಿ ಕಾಂಬೋಡಿಯಾ ಗಡಿಯ ಒಂದು ಸದ್ದಿಲ್ಲದ ಊರಿಗೆ ಕಳಿಸುತ್ತಿದ್ದೆ. ಅಲ್ಲಿ ಗುಡ್ಡದ ಮೇಲೆ ಶಿವನ ಹಳೆಯ ಕಲ್ಲುಗುಡಿ, ಕೆಳಗೆ ಮಾಲೀ ಎಂಬಾಕೆಯ ಗೆಸ್ಟ್‌ಹೌಸ್.

ಮಾಲೀ ಗಟ್ಟಿ ಹೆಂಗಸು. ಮೀನಿನ ವಾಸನೆಗೆ ನಮ್ಮವರು ಮೂಗು ಮುಚ್ಚಿಕೊಳ್ಳುವುದನ್ನು ಕಂಡು ಬೇರೆ ಪಾತ್ರೆಗಳನ್ನೇ ತಂದಿಟ್ಟು ಚಿತ್ರಾನ್ನ ಕಲಿತಳು. ಗಡಿಯಾಚೆ ಕಾಳಗ ಹೆಚ್ಚಿದಂತೆ ಯುರೋಪಿನ ಪ್ರವಾಸಿಗಳು ಬರುವುದು ನಿಂತಿತು, ಅಕ್ಕಪಕ್ಕದ ಹೋಟೆಲುಗಳು ಬಾಗಿಲು ಹಾಕಿದವು. ಆಮೇಲೆ ನಮ್ಮ ಗುಂಪುಗಳಿಂದಲೇ ಅವಳ ಒಲೆ ಉರಿಯುತ್ತಿತ್ತು.

ಅಂಥದೊಂದು ಡಿಸೆಂಬರಿನಲ್ಲಿ, ಊರು ಶಾಂತವಾಗಿದೆ ಎಂದು ಬ್ಯಾಂಕಾಕಿನ ಏಜೆಂಟರಿಂದ ಟೆಲೆಕ್ಸ್ ಸಂದೇಶ ಬಂದ ಮೇಲೆಯೇ ಹನ್ನೊಂದು ಜನರನ್ನು ಕಳಿಸಿದ್ದೆ. ಗುಂಪಿನ ಹಿರಿಯರು ಸ್ಯಾನ್ ಡಿಯಾಗೋದ ಫಿಸಿಕ್ಸ್ ಪ್ರೊಫೆಸರ್ ನರಹರಿ ರಾವ್ ಮತ್ತು ಅವರ ಹೆಂಡತಿ ಸುಶೀಲಮ್ಮ. ಗುರುವಾರ ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಮಾಲೀಯ ಫೋನು ಬಂತು. ಅಲ್ಲಾಗಲೇ ಶುಕ್ರವಾರ ಬೆಳಿಗ್ಗೆ.

"ಊರಾಚೆಯ ಗದ್ದೆಗೆ ಫಿರಂಗಿ ಶೆಲ್ ಬಿತ್ತು," ಎಂದಳು ತನ್ನ ಅಳೆದು ಸುರಿದ ಇಂಗ್ಲಿಷಿನಲ್ಲಿ. "ಹನ್ನೆರಡಕ್ಕೆ ಸೈನ್ಯದವರು ರಸ್ತೆ ಮುಚ್ಚುತ್ತಾರೆ. ಕಾಡಿ ಬೇಡಿ ಒಂದು ಬಸ್ ಹಿಡಿದಿದ್ದೇನೆ, ಹನ್ನೊಂದಕ್ಕೆ ಬರುತ್ತದೆ. ನಿಮ್ಮ ಪ್ರೊಫೆಸರ್ ಹತ್ತುವುದಿಲ್ಲವಂತೆ."

ಪ್ರೊಫೆಸರು ಫೋನ್ ತೆಗೆದುಕೊಂಡರು. "ಶಾರದಾ, ಇವತ್ತು ಶುಕ್ರವಾರ ಕಣಮ್ಮ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಬಾಂಬ್ ಬೀಳೋ ಜಾಗದಿಂದ ರಾಹುಕಾಲದಲ್ಲಿ ಯಾರಾದ್ರೂ ಹೊರಡ್ತಾರಾ?"

"ಅಂಕಲ್, ಹನ್ನೆರಡಾದ್ಮೇಲೆ ರೋಡೇ ಇರಲ್ಲ!"

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ಉಳಿದೋರೂ ನಾನ್ ಹೇಳಿದ್ದಕ್ಕೆ ಹೂಂ ಅಂದಿದಾರೆ."

ನನಗೆ ಮೈಯೆಲ್ಲ ಉರಿಯಿತು. ಓದಿ ಓದಿ ಮರುಳಾದ ಕೂಚಂಭಟ್ಟ ಎಂಬ ಗಾದೆ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬೈದರೆ ಅವರ ಹಠ ಇನ್ನಷ್ಟು ಬಿಗಿಯಾಗುತ್ತದೆಂದು ಗೊತ್ತಿತ್ತು, ನನ್ನ ಅಪ್ಪನೂ ಅದೇ ಜಾತಿಯ ಹಠಮಾರಿ. ಅಪ್ಪನನ್ನು ನೆನೆದದ್ದೇ ಒಳ್ಳೆಯದಾಯಿತು. ಹೀಗೆ ಗಳಿಗೆ ಕೂಡಿಬರದಿದ್ದಾಗ ನಮ್ಮಮ್ಮ ಅಪ್ಪನನ್ನು ಹೊರಡಿಸುತ್ತಿದ್ದ ಉಪಾಯ ಹೊಳೆಯಿತು.

"ಅಂಕಲ್, ಇನ್ನೂ ಹತ್ತಾಗಿಲ್ವಲ್ಲ ಅಲ್ಲಿ? ಪರಸ್ಥಾನ ಇಟ್ಬಿಡಿ."

ಪರಸ್ಥಾನವೆಂದರೆ, ಹೊರಡುವ ಹೊತ್ತು ಒಳ್ಳೆಯದಿಲ್ಲದಿದ್ದರೆ ಅದಕ್ಕೆ ಮೊದಲೇ ಒಂದು ಚೀಲವನ್ನು ಹೊಸ್ತಿಲು ದಾಟಿಸಿ ನೆರೆಮನೆಯಲ್ಲಿ ಇಡುವುದು. ಚೀಲ ಹೊರಬಿತ್ತೆಂದರೆ ಪ್ರಯಾಣ ಶುರುವಾದ ಹಾಗೆ. ಆ ಕಡೆಯಿಂದ ಪ್ರೊಫೆಸರು "ಸುಶೀಲಾ, ನನ್ನ ಪಂಚೆ, ಒಂದು ಹಿಡಿ ಅಕ್ಕಿ ಚೀಲಕ್ಕೆ ಹಾಕೇ!" ಎಂದು ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಮತ್ತೆ ಎಷ್ಟು ಸಲ ತಿರುಗಿಸಿದರೂ ಆ ಊರು ಸಿಗಲಿಲ್ಲ. ಗುಂಪಿನಲ್ಲಿ ಇಬ್ಬರು ಚಿಕ್ಕ ಹೆಣ್ಣುಮಕ್ಕಳಿದ್ದರು, ಅವರ ಟಿಕೆಟ್ ನಾನೇ ಬರೆದಿದ್ದೆ. ಫೋನಿನ ಮುಂದೆ ಕೂತು ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ರಾಹುಕಾಲ ನಂಬದವಳು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಕೊನೆಗೂ ಫೋನು ಹೊಡೆದುಕೊಂಡಿತು.

"ಹೋದರು, ಎಲ್ಲರೂ," ಎಂದಳು ಮಾಲೀ. "ಬಸ್ ಚೆಕ್‌ಪೋಸ್ಟ್ ದಾಟಿದೆ."

"ನೀನು?"

"ನನ್ನ ಮನೆ ಇಲ್ಲೇ ಅಲ್ಲವೆ?"

ತನ್ನ ಕೊನೆಯ ಗಿರಾಕಿಗಳನ್ನು ಹೊರಡಿಸಲು ಬಸ್ ತಂದವಳು ಅವಳೇ ಎಂಬುದು ನನಗೆ ತಟ್ಟಿದ್ದು ಆಗ. ಥ್ಯಾಂಕ್ಸ್ ಕೂಡ ನೆಟ್ಟಗೆ ಹೇಳಲಾಗಲಿಲ್ಲ.

ರಜೆ ಮುಗಿಸಿ ನಮ್ಮೂರಿಂದ ವಾಪಸಾದ ಸುಶೀಲಮ್ಮ ಏರ್‌ಪೋರ್ಟಿನಲ್ಲೇ ಹಣೆ ಚಚ್ಚಿಕೊಂಡರು. ಬಸ್ ಹತ್ತುವ ಗಡಿಬಿಡಿಯಲ್ಲಿ ಪರಸ್ಥಾನದ ಚೀಲ ಎದುರಿನ ದರ್ಜಿ ಅಂಗಡಿಯಲ್ಲೇ ಉಳಿದಿತ್ತು! ಪೋಸ್ಟಿನಲ್ಲಿ ತರಿಸುತ್ತೇನೆಂದರೆ ಪ್ರೊಫೆಸರು ಒಪ್ಪಲಿಲ್ಲ. "ಇಟ್ಟೋರೇ ಹೋಗಿ ಎತ್ಕೋಬೇಕು ಕಣಮ್ಮ. ಹೋದಾಗ ತರೋಣ."

ಯಾರೂ ಹೋಗಲಿಲ್ಲ. ಆ ಊರಿನ ಹೆಸರೆತ್ತಿದರೆ ನಮ್ಮ ಪಕ್ಕದ ಸೆರಿಟೋಸಿನಿಂದ ಸ್ಯಾನ್ ಡಿಯಾಗೋವರೆಗೆ ಎಲ್ಲರದೂ ಒಂದೇ ಉತ್ತರ, "ಮುಂದಿನ್ ಸಲ ನೋಡೋಣ." ಕೊನೆಗೆ ನಾನೇ ಬ್ರೋಷರಿನಿಂದ ಅದನ್ನು ತೆಗೆದೆ.

ದಶಕ ಮುಗಿಯುತ್ತ ಬಂದಾಗ, ಗಡಿ ತಣ್ಣಗಾಗಿದೆಯೆಂದು ತಿಳಿದು ಒಬ್ಬಳೇ ಹೋದೆ. ಗೆಸ್ಟ್‌ಹೌಸಿನ ಕೋಣೆಗಳಲ್ಲಿ ಭತ್ತದ ಮೂಟೆಗಳಿದ್ದವು. ಗುಡಿಯ ದಾರಿಯಲ್ಲಿ ಹುಲ್ಲು ಬೆಳೆದಿತ್ತು. ಮಾಲೀ ನನ್ನನ್ನು ನೋಡಿದವಳೇ ಒಳಗೆ ಓಡಿ, ದರ್ಜಿ ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಪರಸ್ಥಾನದ ನೀಲಿ ಚೀಲ ತಂದಳು. ಪಂಚೆ ಒಗೆದು ಮಡಿಸಿಟ್ಟಿತ್ತು. ಅಕ್ಕಿ ಬೆಳ್ಳಗಿತ್ತು, ಒಂದು ಹುಳವಿಲ್ಲ.

"ಚೀಲದ ಹಿಂದೆಯೇ ಜನ ಬರುತ್ತಾರೆ ಎಂದಿದ್ದರು ಅವತ್ತು ಇದನ್ನು ಇಡುವಾಗ ನಿಮ್ಮ ಸುಶೀಲಾ," ಎಂದಳು. "ಪ್ರತಿ ಸುಗ್ಗಿಗೂ ಹೊಸ ಅಕ್ಕಿ ಹಾಕಿಟ್ಟಿದ್ದೇನೆ."

ನಾನು ಅಲ್ಲೇ ಅತ್ತುಬಿಟ್ಟೆ. ಹೊರಟವರನ್ನು ಸುಖವಾಗಿ ತಲುಪಿಸಿದರೆ ಟ್ರಾವೆಲ್ ಏಜೆಂಟರ ಕೆಲಸ ಮುಗಿಯಿತೆಂದು ಅಲ್ಲಿಯತನಕ ನಂಬಿದ್ದೆ. ಬಾಗಿಲು ತೆರೆದಿಟ್ಟು ಕಾಯುವವರೂ ನಮ್ಮ ಗಿರಾಕಿಗಳೇ ಎಂದು ನನಗೆ ಕಲಿಸಿದ್ದು ಆ ಹಿಡಿ ಅಕ್ಕಿ. ಇಟ್ಟವರೇ ಬಂದು ಎತ್ತಿಕೊಳ್ಳಲೆಂದು ಚೀಲವನ್ನು ಅಲ್ಲೇ ಬಿಟ್ಟು ಬಂದು ಸ್ಯಾನ್ ಡಿಯಾಗೋಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ಹನ್ನೊಂದು ಜನಾನೂ ನಾನೇ ಒಟ್ಟು ಮಾಡ್ತೀನಿ. ಟಿಕೆಟ್ ಬುಕ್ ಮಾಡು," ಎಂದರು ಪ್ರೊಫೆಸರು. ಆಮೇಲೆ ಮೆಲ್ಲಗೆ, "ರಾಹುಕಾಲ ಗೀಹುಕಾಲ ನೋಡ್ಬೇಡ."