ಅಕ್ಕ ಕೊಂಡ ಮಧ್ಯಾಹ್ನ

ಅಕ್ಕನನ್ನು ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅವಳು ತನ್ನ ದುಡಿಮೆಯಿಂದ ಕೊಂಡುಕೊಂಡದ್ದನ್ನು ಅವಳಿಗೆ ಹೇಳದೆಯೇ ಮಾರಿದೆ.

ಸೇಡಂನ ಮನೆಯಲ್ಲಿ ಇರುವವರು ನಾವಿಬ್ಬರೇ. ಅಕ್ಕ ಜೋಳದ ರೊಟ್ಟಿ ಮಾಡುತ್ತಾಳೆ, ನಾನು ಮೊಪೆಡ್ ಮೇಲೆ ಚಿತ್ತಾಪುರ, ವಾಡಿಯ ಖಾನಾವಳಿಗಳಿಗೆ ಮುಟ್ಟಿಸುತ್ತೇನೆ. ನಾನು ಓದಿದ್ದು ಏಳನೆಯ ತನಕ, ಅವಳು ಅಷ್ಟೂ ಇಲ್ಲ. ನಸುಕಿಗೆ ಹಚ್ಚಿದ ಒಲೆ ಆರುವಾಗ ಸಂಜೆಯಾಗುತ್ತಿತ್ತು. ಕಳೆದ ವರ್ಷ ಅವಳು ತನ್ನ ಪಾಲಿನ ರೊಕ್ಕ ಕೂಡಿಸಿ ಒಂದು ರೊಟ್ಟಿ ಮಷಿನ್ ತರಿಸಿದಳು.

ನೋಡಲು ಬಂದ ಪಕ್ಕದ ಮನೆಯ ಖಾಲಾ, "ಇಷ್ಟು ರೊಕ್ಕದಾಗ ಬಂಗಾರ ಬರ್ತಿತ್ತಲ್ಲ, ಹುಚ್ಚಿ!" ಎಂದರು.

"ಬಂಗಾರ ಹಾಕ್ಕೊಂಡ್ರೂ ರೊಟ್ಟಿನೇ ಬಡೀಬೇಕಲ್ಲ ಖಾಲಾ. ಇದು ಇದ್ರ ಮಧ್ಯಾಹ್ನ ನಂದಾಗ್ತದ," ಎಂದಳು ಅಕ್ಕ.

"ಮಧ್ಯಾಹ್ನ ತಗೊಂಡು ಏನ್ ಮಾಡ್ತಿ?" ನಾನು ನಕ್ಕೆ.

"ಏನೂ ಇಲ್ಲ. ಸುಮ್ ಕುಂದರ್ತೀನಿ."

ನಿಜಕ್ಕೂ ಸುಮ್ಮನೆ ಕುಳಿತಳು. ಊಟದ ಹೊತ್ತಿಗೆ ಕೆಲಸ ಮುಗಿಸಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ. ನನಗೆ ನೋಡಲಾಗುತ್ತಿರಲಿಲ್ಲ. ಕೂತವರನ್ನು ಕಂಡರೆ ನನ್ನ ಕಾಲು ತಾನೇ ಅಲ್ಲಾಡುತ್ತದೆ. ಮಷಿನ್ ತಣ್ಣಗಿದೆ, ಗಾಡಿ ನಿಂತಿದೆ, ಇದೆಂಥ ಬಾಳು ಅನ್ನಿಸಿತು. ಶಹಾಬಾದಿಗೆ ಹೋಗಿ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕೆಲಸಗಾರರು ಉಣ್ಣುವ ಖಾನಾವಳಿಯೊಂದಕ್ಕೆ ರಾತ್ರಿಯ ರೊಟ್ಟಿ ಕೊಡುವುದಾಗಿ ಒಪ್ಪಿಕೊಂಡು ಬಂದೆ. ರಾತ್ರಿಯ ರೊಟ್ಟಿ ಎಂದರೆ ಮಧ್ಯಾಹ್ನದ ಕೆಲಸ. ಹಿಟ್ಟಿನ ಚೀಲ ಇಳಿಸಿದ ಮೇಲೆಯೇ ಅಕ್ಕನಿಗೆ ಹೇಳಿದೆ. ಅವಳು ಚೀಲವನ್ನು ನೋಡಿದಳು, ಎದ್ದು ಸೆರಗು ಸಿಕ್ಕಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಹೋದ ತಿಂಗಳು ಒಂದು ಮಧ್ಯಾಹ್ನ ಬಂದರೆ ಮಷಿನ್ ಬಂದ್. ಅಕ್ಕ ಇಲ್ಲ. ಅವಳ ಫೋನ್ ಹಿಟ್ಟಿನ ಡಬ್ಬಿಯ ಮೇಲಿತ್ತು. ಶಹಾಬಾದಿನಿಂದ ನನಗೆ ಮೇಲಿಂದ ಮೇಲೆ ಕರೆ. ಓಣಿಯ ಆ ತುದಿಯಿಂದ ಈ ತುದಿಗೆ ಓಡಾಡಿದೆ.

"ಚಿಂಚೋಳಿ ಬಸ್ ಹತ್ಯಾಳ ಬೇಟಾ. ಆಧಾರ್ ಕಾರ್ಡ್ ಅಷ್ಟೇ ಒಯ್ದಾಳ," ಎಂದರು ಖಾಲಾ.

ಚಿಂಚೋಳಿಯಲ್ಲಿ ನಮಗೆ ಯಾರೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಬಂದಳು. ಕೂದಲೆಲ್ಲ ಗಾಳಿಗೆ ಕೆದರಿತ್ತು.

"ಯಾರ ಮನಿಗೆ ಹೋಗಿದ್ದಿ?"

"ಯಾರ ಮನಿಗೂ ಇಲ್ಲ. ಹೋದೆ, ಅದೇ ಬಸ್ಸಿಗೆ ತಿರುಗಿ ಬಂದೆ. ಕಿಟಕಿ ಸೀಟ್ ಸಿಕ್ಕಿತ್ತು. ಮನ್ಯಾಗ ಕುಂದ್ರಾಕ ಬಿಡವಲ್ಲಿ ನೀ." ಚಪ್ಪಲಿ ಬಿಡುತ್ತ ನಕ್ಕಳು. "ರೊಕ್ಕ ಕೊಟ್ಟು ತಗೊಂಡ ಮಧ್ಯಾಹ್ನ ನಿನ್ನ ಪಾಲಾತು ತಮ್ಮಾ. ಇದು ಸರ್ಕಾರದ್ದು, ಪುಕಟ ಸಿಕ್ಕಿದ್ದು. ಇದನ್ನ ಮಾರಾಕ ಬರಂಗಿಲ್ಲ ನಿನಗ."

ಗಾಡಿ ತೆಗೆದೆ. ಎಲ್ಲಿಗೆಂದು ತಿಳಿಯದೆ ಚಿತ್ತಾಪುರದ ದಾರಿ ಹಿಡಿದು, ಅರ್ಧಕ್ಕೇ ತಿರುಗಿದೆ. ಹೆಚ್ಚು ಬಂದ ರೊಕ್ಕದಿಂದ ನಾನು ಕೊಂಡದ್ದಾದರೂ ಏನು? ಪೆಟ್ರೋಲು, ಇನ್ನಷ್ಟು ಓಡಾಟ. ಅಕ್ಕನ ಮಧ್ಯಾಹ್ನ ಹೋಯಿತು, ನನ್ನದೆನ್ನುವ ಮಧ್ಯಾಹ್ನವೂ ಬರಲಿಲ್ಲ.

ಮರುದಿನ ಅಕ್ಕನ ಎದುರಿಗೇ ಶಹಾಬಾದಿಗೆ ಫೋನ್ ಮಾಡಿ, ಇನ್ನು ನಮ್ಮಿಂದ ಆಗುವುದಿಲ್ಲ ಎಂದೆ. ಖಾನಾವಳಿಯವನು ಬೈದ. ಹಿಟ್ಟು ಸಾಣಿಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. ಅವಳ ಮುಂದೆ ಕೂತೆ. ಅಲ್ಲಾಡುತ್ತಿದ್ದ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದೆ.

"ಅಕ್ಕಾ, ನಂದು ತಪ್ಪಾತು. ನಿನ್ನ ಮಧ್ಯಾಹ್ನ ನಾ ಮಾರಿದೆ. ನಿನ್ನ ಒಂದ್ ಮಾತು ಕೇಳಲಿಲ್ಲ."