ಕೋಮಲಾಗೆ ಹೊದಿಸಿದ ಶಾಲು

ದುದ್ದದ ರೈತರ ಮನೆಯ ಹೆಣ್ಣುಮಗಳು ಕೋಮಲಾ ಚನ್ನರಾಯಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸ್. ಕಳೆದ ತಿಂಗಳು ಅಲ್ಲಿ ಚೀಟಿಗೆ ಸಾಲಿನಲ್ಲಿ ನಿಂತಿದ್ದ ತೇಜಶ್ರೀಯ ಕೈಗೂಸಿನ ಗಂಟಲಿಗೆ ಕಡಲೆಬೀಜ ಸಿಕ್ಕಿ, ಉಸಿರು ಕಟ್ಟಿ ಮುಖ ನೀಲಿಗಟ್ಟಿತು. ಸುತ್ತಲಿದ್ದ ಗಂಡಸರು ಎಂದಿನಂತೆ ಫೋನ್ ತೆಗೆದು ವಿಡಿಯೊ ಮಾಡತೊಡಗಿದರು. ಕೋಮಲಾ ಅವರನ್ನು ತಳ್ಳಿಕೊಂಡು ನುಗ್ಗಿ, ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಹಿಡಿದು ಬೆನ್ನಿಗೆ ಬಡಿದಳು.

"ಏಯ್, ಮಗೀಗೆ ಯಾಕಮ್ಮ ಅಂಗ್ ಒಡೀತೀಯ?" ಎಂದು ಆ ಗಂಡಸರ ನಡುವಿನಿಂದ ಗದರಿದವನು ನಟರಾಜ, ಶಾಂತಿಗ್ರಾಮದ ಸಂಘವೊಂದರ ಅಧ್ಯಕ್ಷ. ಅಷ್ಟರಲ್ಲಿ ಬೀಜ ನೆಲಕ್ಕೆ ಬಿತ್ತು, ಕೂಸು ಅತ್ತಿತು.

ವಿಡಿಯೊ ಊರೆಲ್ಲ ಹರಿದಾಡಿದ್ದೇ ತಡ, ನಟರಾಜನಿಗೆ ಕೋಮಲಾಳ ಮೇಲೆ ಅಭಿಮಾನ ಉಕ್ಕಿತು; ತನ್ನ ಸಂಘದಿಂದ ಸನ್ಮಾನ ಇಟ್ಟುಕೊಂಡ. ಬ್ಯಾನರಿನಲ್ಲಿ ಅವನ ಮುಖ ಬಾಗಿಲಿನಷ್ಟು ದೊಡ್ಡದು, ಅವಳದು ಅಂಚೆಚೀಟಿಯಷ್ಟು. "ಅವತ್ತು ನಾನೇ ಪಕ್ಕದಲ್ ನಿಂತ್ಕಂಡು ಈಯಮ್ಮಂಗೆ ಧೈರ್ಯ ತುಂಬ್ದೆ" ಎಂದು ಭಾಷಣ ಬಿಗಿದು, ಶಾಲು ಹೊದಿಸಿ, ಅವಳ ಕೈಗೆ ಮೈಕ್ ಕೊಟ್ಟ.

"ಧೈರ್ಯ ಯಾರ್ಗ್ ಬೇಕಿತ್ತು ಸಾ? ದಾರಿ ಬಿಟ್ಟಿದ್ರೆ ಸಾಕಾಗಿತ್ತು. ಅಡ್ಡ ನಿಂತೋರ್ನ ತಳ್ಕಂಡ್ ಬರೋದೇ ಕಷ್ಟ ಆಯ್ತು" ಎಂದಳು ಕೋಮಲಾ.

ಜನ ನಕ್ಕರು. ಆ ಮಾತು ತನಗೇ ಅಂತ ಹೊಳೆಯದ ನಟರಾಜ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಅವಳು ವೇದಿಕೆ ಇಳಿದು, ಶಾಲನ್ನು ಕೂಸಿನಂತೆ ಸುತ್ತಿ, ಹಿಂದೆ ಕುಳಿತಿದ್ದ ಹೆಂಗಸರಿಗೆ ಹಿಡಿಯುವುದು ಹೇಗೆ, ಬಡಿಯುವುದು ಎಲ್ಲಿ ಎಂದು ತೋರಿಸತೊಡಗಿದಳು. ಅವರ ನಡುವೆ ಕುಳಿತಿದ್ದ ತೇಜಶ್ರೀ ಎಲ್ಲರಿಗಿಂತ ಮೊದಲು ಕಲಿತಳು. ಗ್ರೂಪ್ ಫೋಟೊಗೆ ಬನ್ನಿ ಎಂದು ನಟರಾಜ ಮೈಕಿನಲ್ಲಿ ಕೂಗುತ್ತಲೇ ಇದ್ದ. ಯಾರೂ ತಿರುಗಿ ನೋಡಲಿಲ್ಲ.